ಜುಕಿನಿ ದರ್ಬಾರು

ಜೂನ್ 9

ಮಹಾರಾಣಿಯವರ ಸನ್ನಿಧಾನಕ್ಕೆ,

ಈ ಅರಮನೆಯ ಏಕೈಕ ನಿವಾಸಿ, ಮಾಜಿ ಚಕ್ರವರ್ತಿ, ಹಾಲಿ ಪಾತ್ರೆ ತೊಳೆಯುವವನು ಆದ ನಿನ್ನ ಗಂಡ ಮಾಡುವ ಬಿನ್ನಹ!

ನೀನು ಹೇಳಿದ ಹಾಗೆ ಫೋನ್ ಮಾಡಿಲ್ಲ. ಎಷ್ಟೋ ಸಲ ಕೈ ಅತ್ತ ಹೋಯಿತು, ಕಳ್ಳನ ಕೈ ಹಿಡಿದ ಹಾಗೆ ಹಿಡಿದು ಹಿಂದಕ್ಕೆಳೆದುಕೊಂಡೆ. ಎಂಟು ದಿನ ಅಕ್ಕನ ಮನೆಯಲ್ಲಿದ್ದು ಬರುತ್ತೇನೆ ಅಂತ ಹೋದವಳು ನೀನು. ಆ ಎಂಟು ದಿನ ಮೈ ಕೈ ತುಂಬಿಕೊಂಡು ಎರಡು ತಿಂಗಳಾಗಿದೆ. ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತು ಅಂದೆಯಲ್ಲ, "ಫೋನ್ ಮಾಡ್ಬೇಡಿ ರೀ. ನಿಮ್ ಧ್ವನಿ ಬಂತು ಅಂದ್ರೆ ಆ ಮನೇಲಿ ನನಗೆ ಕೂತ್ಕೊಳ್ಳೋಕೂ ಜಾಗ ಇರಲ್ಲ. ಅಡುಗೆಮನೇದು ಏನಾದ್ರೂ ತಿಳೀದಿದ್ರೆ ಬರೀರಿ, ಹೇಳ್ತೀನಿ" ಅಂತ. ಆದ್ದರಿಂದ ಈ ಪತ್ರದಲ್ಲಿ ಅಡುಗೆಮನೆಯ ವಿಷಯ ಬಿಟ್ಟು ಒಂದಕ್ಷರ ಇಲ್ಲ. ಕೇಳುವಂಥವಳಾಗು.

ಕಿಟಕಿಯ ಕಟ್ಟೆಯ ಮೇಲೆ ನೀನು ಆ ಸೌತೆಕಾಯಿಯಂಥ ಜುಕಿನಿಯ ಬೀಜದ ಪೊಟ್ಟಣ ಬಿಟ್ಟು ಹೋಗಿದ್ದೆ. ಹಿತ್ತಲು ನೋಡಿದೆ. ಖಾಲಿ! ನಾಟಕದ ಕಂಪನಿಯಲ್ಲಿ ಹಲ್ಲು ಬಂದವನಿಗೆ ಖಾಲಿ ಕುರ್ಚಿ ಕಂಡರೆ ಎದೆ ಹಿಂಡಿದಂತಾಗುತ್ತದೆ. ಹೌಸ್‌ಫುಲ್ ಆಗಲಿ ಅಂತ ಪೊಟ್ಟಣ ಪೂರ್ತಿ ಸುರಿದೆ. ಒಂದೂ ಬೀಜ ಮೋಸ ಮಾಡಲಿಲ್ಲ. ಈಗ ಹಿತ್ತಲಿಗೆ ಕಾಲಿಡಲು ಜಾಗವಿಲ್ಲ. ಎಲೆಗಳೋ ಛತ್ರಿಯಷ್ಟು ಅಗಲ, ನನ್ನ ಸೊಂಟದೆತ್ತರ. ಸಂಜೆ ಬೆರಳಷ್ಟಿದ್ದ ಕಾಯಿ ಬೆಳಿಗ್ಗೆ ಮೊಳದುದ್ದ. ಒಂದು ಎಲೆ ಸರಿಸಿದರೆ ಒಂದು ಇಣುಕುತ್ತದೆ, ಇನ್ನೊಂದು ಸರಿಸಿದರೆ ಮೂರು. ಮೂವತ್ತು ವರ್ಷ ರಂಗದ ಮೇಲೆ ಕತ್ತಿ ಬೀಸಿದೆ. ಇಷ್ಟು ಶತ್ರುಗಳನ್ನು ಒಟ್ಟಿಗೆ ಕಂಡಿರಲಿಲ್ಲ. ಊಟದ ಮೇಜಿನ ಮೇಲೆ, ಮಂಚದ ಕೆಳಗೆ, ನಿನ್ನ ಹೊಲಿಗೆ ಮೆಷಿನ್ನಿನ ಮೇಲೆ ಕೂಡ ಸಾಲಾಗಿ ಮಲಗಿಸಿದ್ದೇನೆ.

ನನಗೆ ಚಹಾ ಕಾಯಿಸಲು ಬರುತ್ತದೆ. ಮೊಟ್ಟೆ ಬೇಯಿಸಲು ಬರುತ್ತದೆ. ಮೂರನೆಯದು ಯಾವುದೂ ಬರುವುದಿಲ್ಲ. ಈ ಹಸಿರು ಸೈನ್ಯವನ್ನು ಏನು ಮಾಡಲಿ? ಅಪ್ಪಣೆ ಕೊಡಿಸು.

ಇಂತಿ ನಿನ್ನ,
ಬರಿಹೊಟ್ಟೆಯ ಚಕ್ರವರ್ತಿ


ಜೂನ್ 17

ಇವರಿಗೆ,

ನಾನು ಪ್ರತಿ ವರ್ಷ ಹಾಕುತ್ತಿದ್ದದ್ದು ಮೂರು ಗಿಡ. ಮೂರೇ ಇಬ್ಬರಿಗೆ ಹೆಚ್ಚಾಗುತ್ತಿತ್ತು. ನೀವು ನೋಡಿರಲಿಕ್ಕಿಲ್ಲ.

ಗೇಣುದ್ದ ಆದ ಕೂಡಲೇ ಕೊಯ್ಯಿರಿ. ಇನ್ನೂ ದೊಡ್ಡದಾಗಲಿ, ಇನ್ನೂ ಚೆನ್ನಾಗಿ ಕಾಣಲಿ ಅಂತ ಕಾಯಬೇಡಿ. ದೊಡ್ಡದರೊಳಗೆ ನೀರು, ನಾರು, ಬೀಜ. ತಿರುಚಿ ಕೀಳಬೇಡಿ, ಚಾಕುವಿನಿಂದ ತೊಟ್ಟು ಸಮೇತ ಕತ್ತರಿಸಿ. ಎಳೆಯದಕ್ಕೆ ಸಿಪ್ಪೆ ತೆಗೆಯುವ ಕೆಲಸವಿಲ್ಲ. ಬಿಲ್ಲೆ ಮಾಡಿ, ಎಣ್ಣೆ ಬೆಳ್ಳುಳ್ಳಿ ಹಾಕಿ ಬಾಣಲೆಯಲ್ಲಿ ಹುರಿದರೆ ಊಟವಾಯಿತು. ಆಗಲೇ ಮೊಳದುದ್ದ ಆಗಿರುವುದನ್ನು ಉದ್ದಕ್ಕೆ ಸೀಳಿ, ಚಮಚದಿಂದ ತಿರುಳು ಕೆರೆದು, ಅನ್ನ ಈರುಳ್ಳಿ ಟೊಮೇಟೊ ತುಂಬಿ ಓವನ್ನಿನಲ್ಲಿಡಿ.

ಮಿಕ್ಕದ್ದಕ್ಕೆ ಬ್ರೆಡ್ಡು, ಮೈದಾ ಮೊಟ್ಟೆಗೆ ಬೆರೆಸಿ ಓವನ್ನಿನಲ್ಲಿ ಬೇಯಿಸುವುದು. ತುರಿಯಿರಿ. ಉಪ್ಪು ಬೆರೆಸಿ ಬಿಡಿ, ತಾನೇ ನೀರು ಬಿಡುತ್ತದೆ. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಇದನ್ನು ಬಿಡಬೇಡಿ. ಹಿಂಡುವ ಬಟ್ಟೆ ಮೂರನೇ ಖಾನೆಯಲ್ಲಿದೆ, ಹಳೇ ಪರದೆಯದ್ದು. ತೋಳಿನ ಬಲವೆಲ್ಲ ಹಾಕಿ ಹಿಂಡಿ. ನಿಮಗೆ ಎರಡೂ ತೋಳಿವೆ.

ನನ್ನ ಎಡಗೈ ಈಗ ಹೆಗಲಿನವರೆಗೆ ಏಳುತ್ತದೆ. ಅದಕ್ಕಿಂತ ಮೇಲೆ ಇಲ್ಲ. ಅಕ್ಕನ ಬೀದಿಯ ದರ್ಜಿ ಅಂಗಡಿಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಕೂರುತ್ತೇನೆ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ಪು ಬದಲಾಯಿಸುವುದು. ನಿಮ್ಮ ಕಂಪನಿಯ ರಾಜರ ನಿಲುವಂಗಿ ಹೊಲಿದ ಕೈಗೆ ಇದು ಸುಖವಾಗಿದೆ. ಪ್ಯಾಂಟು ಮಾತಾಡುವುದಿಲ್ಲ.

ಮೆಷಿನ್ನಿನ ಮೇಲಿಂದ ಜುಕಿನಿ ತೆಗೆಯಿರಿ. ತೇವಕ್ಕೆ ತುಕ್ಕು ಹಿಡಿಯುತ್ತದೆ.

ಇಂತಿ,
ನಾನು


ಜುಲೈ 2

ನಿರ್ದಯಿಯಾದ ಮಹಾರಾಣಿಗೆ,

ಮೆಷಿನ್ನಿನ ಮೇಲಿದ್ದ ಸೈನ್ಯವನ್ನು ಹಿಂತೆಗೆದುಕೊಂಡಿದ್ದೇನೆ. ಒರೆಸಿ, ಎಣ್ಣೆ ಹಾಕಿ, ಬಟ್ಟೆ ಹೊದಿಸಿದ್ದೇನೆ.

ಬಿಲ್ಲೆ ಹುರಿದೆ: ಜಯ. ಅನ್ನ ತುಂಬಿದ್ದು: ಅಲ್ಪ ಜಯ, ತಳ ಹತ್ತಿತು. ಬ್ರೆಡ್ಡು? ಅಯ್ಯೋ, ಬ್ರೆಡ್ಡಿನ ದುರಂತವನ್ನು ಯಾವ ನಾಲಿಗೆಯಿಂದ ಹೇಳಲಿ! ಓವನ್ನಿನಿಂದ ಹೊರಬಂದಾಗ ಏನು ಬಣ್ಣ, ಏನು ಗತ್ತು, ಚಿನ್ನದ ಕೋಟೆ! ಚಾಕು ಇಳಿಸಿದೆ. ಹೊರಗೆ ಕೋಟೆ, ಒಳಗೆ ಕೆರೆ. ಚಮಚ ಹಾಕಿ ತಿಂದೆ. ನಿಜ ಹೇಳುತ್ತೇನೆ, ಹಿಂಡಿರಲಿಲ್ಲ. ಅಷ್ಟು ಎಳೆಯ ಜೀವವನ್ನು ಬಟ್ಟೆಗೆ ಕಟ್ಟಿ ಹಿಂಡುವುದಕ್ಕೆ ಮನಸ್ಸು ಬರಲಿಲ್ಲ.

ದಾನಕ್ಕೆ ಹೊರಟೆ. ಚೀಲ ಹಿಡಿದು ಬೀದಿಯಲ್ಲಿ ನಾನು ಕಂಡರೆ ಸಾಕು, ಕಿಟಕಿಗಳು ಒಂದೊಂದಾಗಿ ಮುಚ್ಚುತ್ತವೆ. ಎದುರುಮನೆ ಮೇಷ್ಟ್ರು ಬಾಗಿಲ ಸಂದಿಯಿಂದಲೇ, "ರಾಜರೇ, ನಿಮ್ ಮೇಲೆ ನನಗೆ ಗೌರವ ಇದೆ. ಆದ್ರೆ ಇನ್ನೊಂದು ಜುಕಿನಿ ತಂದ್ರೆ ಮನೆ ಖಾಲಿ ಮಾಡ್ಕೊಂಡು ಹೋಗ್ತೀನಿ" ಅಂದರು. ಕಟಿಂಗ್ ಶಾಪಿನವನು ಕೈ ಮುಗಿದು, "ಕಟಿಂಗು ಫ್ರೀ, ಶೇವಿಂಗು ಫ್ರೀ, ಬೇಕಾದ್ರೆ ತಲೆಗೆ ಎಣ್ಣೇನೂ ತಿಕ್ತೀನಿ. ಚೀಲ ಮಾತ್ರ ಹೊರಗೇ ಇಡಿ ಸ್ವಾಮಿ" ಅಂದ. ಕತ್ತಲಾದ ಮೇಲೆ ಮನೆಮನೆಯ ಮೆಟ್ಟಿಲ ಮೇಲೆ ಇಟ್ಟು ಓಡಿ ಬಂದೆ. ಬೆಳಿಗ್ಗೆ ಬಾಗಿಲು ತೆಗೆದರೆ ಅಷ್ಟೂ ನಮ್ಮ ಮೆಟ್ಟಿಲ ಮೇಲೆ! ನನ್ನವಲ್ಲದವೂ ನಾಲ್ಕು ಬಂದು ಸೇರಿಕೊಂಡಿದ್ದವು.

ಅಡುಗೆಮನೆಯ ಪ್ರಶ್ನೆ: ಬ್ರೆಡ್ಡನ್ನು ಬದುಕಿಸುವುದು ಹೇಗೆ?

ಅಡುಗೆಮನೆಯದಲ್ಲದ ಪ್ರಶ್ನೆ, ಒಂದೇ ಒಂದು. ಇದನ್ನು ನಗದೆ ಕೇಳುತ್ತಿದ್ದೇನೆ. ಯಾಕೆ ಬರುತ್ತಿಲ್ಲ? ಜಗಳ ಆಡಿಲ್ಲ, ಕೈ ಎತ್ತಿಲ್ಲ, ಕುಡಿದು ಬಂದಿಲ್ಲ. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ನಿನ್ನ ಮಂಚದ ಪಕ್ಕದಲ್ಲಿದ್ದೆ. ನೀನು ಬರುವುದಿಲ್ಲ ಅನ್ನುವುದಾದರೆ ಈ ಮನೆ ನನಗೆ ಯಾಕೆ? ಬಾಯಿಬಿಟ್ಟು ಹೇಳು.

ಇಂತಿ ನಿನ್ನ,
ಕೆರೆಯ ದಂಡೆಯಲ್ಲಿ ಕೂತ ದೊರೆ


ಜುಲೈ 12

ಇವರಿಗೆ,

ಹಿಂಡಬೇಕು. ಹಿಂಡದೆ ಬ್ರೆಡ್ಡಾಗುವುದಿಲ್ಲ. ಬಟ್ಟೆಯಿಂದ ಒಂದು ಹನಿಯೂ ಬೀಳದಾದಾಗ ನಿಲ್ಲಿಸಿ. ಕಡಿಮೆ ಶಾಖದಲ್ಲಿ ನಿಧಾನವಾಗಿ ಬೇಯಲಿ. ಮಧ್ಯಕ್ಕೆ ಕಡ್ಡಿ ಚುಚ್ಚಿ, ಒಣಗಿ ಹೊರಬಂದರೆ ಬೆಂದಿದೆ.

ಇನ್ನೊಂದು ಪ್ರಶ್ನೆಗೆ ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ನಗದೆ ಕೇಳಿದ್ದೀರಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ಎಡ ಸ್ತನ ತೆಗೆದ ಆಪರೇಷನ್ ಆಗಿ ಮನೆಗೆ ಬಂದು ಕೆಲವು ವಾರವಾಗಿತ್ತು. ನನ್ನನ್ನು ನೋಡಲು ಅಂತ ಬೀದಿಯವರು ಬಂದಿದ್ದರು. ಮೇಷ್ಟ್ರು, ಮೇಲಿನ ಮನೆ ನರ್ಸಮ್ಮ, ಕಟಿಂಗ್ ಶಾಪಿನವನೂ ಅವನ ಹೆಂಡತಿಯೂ. ನಾನು ಒಳಗೆ ಒಂದೇ ಕೈಯಲ್ಲಿ ಚಹಾ ಸೋಸುತ್ತಿದ್ದೆ. ನೀವು ಎದ್ದು ನಿಂತಿರಿ. ನೀವು ಎದ್ದು ನಿಲ್ಲುವ ಸದ್ದು ನನಗೆ ಗೋಡೆಯಾಚೆಯಿಂದಲೂ ಗೊತ್ತಾಗುತ್ತದೆ.

ಮೊದಲು ಡಾಕ್ಟರಾದಿರಿ. ಆಮೇಲೆ ಸ್ಟ್ರೆಚರ್ ತಳ್ಳುವವನಾದಿರಿ. ಆಮೇಲೆ ನಾನಾದಿರಿ. ಮಂಪರಿನಲ್ಲಿ ನಾನು ಡಾಕ್ಟರ ಕೋಟು ಹಿಡಿದುಕೊಂಡು, "ಎಲ್ಲಿಟ್ರಿ ಅದನ್ನ? ತನ್ನಿ ಇಲ್ಲಿ, ಹೊಲಿದುಬಿಡ್ತೀನಿ" ಅಂದೆನಂತೆ. ನಾನು ಹಾಗೆ ಅಂದಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಬೀದಿಯವರ ಜೊತೆ ನಾನೂ ಮೊದಲ ಸಲ ಕೇಳಿದೆ. ಎಲ್ಲರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ. ನೀವು ಚೆನ್ನಾಗಿ ಮಾಡಿದಿರಿ. ಧ್ವನಿ, ಸೊರಗಿದ ಕೈ, ಎಲ್ಲ ನನ್ನದೇ.

ಆಮೇಲೆ ಔಷಧಿ ಅಂಗಡಿಯಲ್ಲಿ, ಹಾಲಿನ ಡಿಪೋದಲ್ಲಿ ಜನ ನನ್ನ ಕತ್ತಿನ ಕೆಳಗೆ ನೋಡಿ, ಸಣ್ಣಗೆ ನಕ್ಕು, ಕಣ್ಣು ತಗ್ಗಿಸುತ್ತಿದ್ದರು. ಅಂದು ಬಾರದವರೂ. ಪ್ರದರ್ಶನ ಊರೆಲ್ಲ ಆಗಿದೆ ಅಂತ ತಿಳಿಯಿತು.

ನನ್ನ ಹತ್ತಿರ ಇದ್ದದ್ದು ಅದೊಂದೇ, ರೀ. ನೋವು ಅಂತ ಇದ್ದದ್ದು. ಅದರಲ್ಲೂ ನಾನು ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಇಂತಿ,
ನಾನು


ಜುಲೈ 21

ಇವಳೇ,

ಬಿರುದು ಬಾವಲಿ ಎಲ್ಲ ಕಿತ್ತಿಟ್ಟು ಬರೆಯುತ್ತಿದ್ದೇನೆ.

ನಾನು ರಂಗದ ಮೇಲೆ ನೂರಾರು ಸಲ ಸತ್ತವನು. ವಿಷ ಕುಡಿದು, ಈಟಿ ತಿವಿಸಿಕೊಂಡು, ಮಗನ ಶವ ತೋಳಲ್ಲೆತ್ತಿಕೊಂಡು. ಒಂದು ದಿನವೂ ಮೊಣಕಾಲು ನಡುಗಿರಲಿಲ್ಲ. ಆಸ್ಪತ್ರೆಯ ಆ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಗ ನಡುಗಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದರೂ ನಡುಗಿತು. ಅಲ್ಲಿ ಸಂಭಾಷಣೆ ಬರೆದುಕೊಟ್ಟವರು ಯಾರೂ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಭಯ ನನ್ನೊಳಗೆ ಗುಡ್ಡದ ಹಾಗೆ ಕೂತಿತ್ತು. ಒಂದು ಸಲ ನಗಿಸಿದೆ, ಸ್ವಲ್ಪ ಸಣ್ಣದಾಯಿತು. ಇನ್ನೊಂದು ಸಲ ನಗಿಸಿದೆ, ಇನ್ನೂ ಸಣ್ಣದಾಯಿತು. ಅದು ನಿನ್ನ ಗುಡ್ಡ, ನಾನು ಅಗೆಯುತ್ತಿರುವುದು ನಿನ್ನ ನೆಲ ಅಂತ ಹೊಳೆಯಲಿಲ್ಲ.

ಮಾತು ಕೊಡುತ್ತೇನೆ. ಇನ್ನು ನಿನ್ನ ಕತೆ ಈ ಬಾಯಿಂದ ಯಾರ ಮುಂದೆಯೂ ಹೊರಡುವುದಿಲ್ಲ. ಬಾಯಿಗೆ ಬೀಗ. ಬೀಗದ ಕೈ ನಿನ್ನ ಅಕ್ಕನ ವಿಳಾಸಕ್ಕೆ ಕಳಿಸಿದೆ ಅಂತ ತಿಳಿದುಕೋ.

ಹಿಂಡಿದೆ. ಒಂದು ಹನಿಯೂ ಬೀಳದ ಹಾಗೆ ಹಿಂಡಿದೆ. ಬ್ರೆಡ್ಡು ಎದ್ದು ನಿಂತಿತು. ವಾಸನೆ ಹಿಡಿದು ಮೊದಲು ನರ್ಸಮ್ಮ ಮೆಟ್ಟಿಲಿಳಿದು ಬಂದರು. ಆಮೇಲೆ ಮನೆ ಖಾಲಿ ಮಾಡುತ್ತೇನೆ ಅಂದಿದ್ದ ಮೇಷ್ಟ್ರು, "ಸುಮ್ನೆ ಈ ಕಡೆ ಬಂದಿದ್ದೆ" ಅಂತ ತಟ್ಟೆ ಸಮೇತ ಬಂದರು. ಈಗ ಸಂಜೆಯಾದರೆ ಹಿತ್ತಲ ಮೆಟ್ಟಿಲು ತುಂಬಿರುತ್ತದೆ. ಜುಕಿನಿ ದರ್ಬಾರು ಅಂತ ಮೇಷ್ಟ್ರೇ ಹೆಸರಿಟ್ಟರು. ಗಾಬರಿಯಾಗಬೇಡ. ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ಕಾಯಿ ಖರ್ಚಾಗುತ್ತದೆ ಅಷ್ಟೇ.

ಇಂತಿ,
ನಿನ್ನ ಗಂಡ


ಆಗಸ್ಟ್ 6

ಇವರಿಗೆ,

ನಿಮ್ಮ ಪತ್ರ ಹಲವು ಸಲ ಓದಿದೆ. ಪ್ಲಾಸ್ಟಿಕ್ ಕುರ್ಚಿ ಅಂದಿರಿ. ಅದನ್ನು ಯಾಕೆ ಆಗಲೇ ಹೇಳಲಿಲ್ಲ? ನನ್ನನ್ನು ಒಳಗೆ ಕರೆದೊಯ್ಯುವಾಗ ನೀವು ಎರಡೂ ಕೈ ಎತ್ತಿ, ವಿಜಯಿಯಾಗಿ ಬಾ ಅಂತ ಕೂಗಿದಿರಿ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನನಗೆ ಆಗ ಬೇಕಿದ್ದದ್ದು ನಡುಗುವ ಒಂದು ಮೊಣಕಾಲು. ನನ್ನದೊಂದೇ ನಡುಗುತ್ತಿದೆ ಅಂದುಕೊಂಡು ಒಳಗೆ ಹೋದೆ.

ನೀವು ಹೇಳಿದ್ದರಿಂದ ನಾನೂ ಒಂದು ಹೇಳುತ್ತೇನೆ. ಅಕ್ಕನ ಬಚ್ಚಲಲ್ಲಿ ಆಳೆತ್ತರದ ಕನ್ನಡಿ ಇದೆ. ಬಂದ ದಿನದಿಂದ ಅದಕ್ಕೆ ಟವೆಲ್ ಹೊದಿಸಿಯೇ ಸ್ನಾನ ಮಾಡುತ್ತಿದ್ದೆ. ಮೊನ್ನೆ ಟವೆಲ್ ಜಾರಿ ಬಿತ್ತು. ಎತ್ತಿ ಹಾಕಲು ಎಡಗೈ ಏಳಲಿಲ್ಲ. ನೋಡಿದೆ. ಕಂಡದ್ದು ಹೊಲಿಗೆ. ಡಾಕ್ಟರದ್ದು ಒಳ್ಳೆ ಕೈಯಲ್ಲ ರೀ. ಶುರುವಿನಲ್ಲಿ ಅಚ್ಚುಕಟ್ಟಾಗಿದೆ, ಕಂಕುಳ ಹತ್ತಿರ ಬರುತ್ತಾ ಅವಸರ ಮಾಡಿದ್ದಾರೆ. ನಾನಾಗಿದ್ದರೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ ಅನ್ನಿಸಿತು. ಆಮೇಲೆ ಅತ್ತೆ. ಆಪರೇಷನ್ ಆದ ಮೇಲೆ ಮೊದಲ ಸಲ. ನಲ್ಲಿ ಬಿಟ್ಟುಕೊಂಡು ಅತ್ತೆ, ಅಕ್ಕನಿಗೆ ಕೇಳಿಸದ ಹಾಗೆ. ಇದನ್ನು ಅಕ್ಕನಿಗೂ ಹೇಳಿಲ್ಲ. ನಿಮಗೆ ಹೇಳಿದೆ.

ಬ್ರೆಡ್ಡು ಬಂದಿದೆ ಅಂದರೆ ಕೇಕೂ ಬರುತ್ತದೆ. ಕೇಕಿಗೆ ತುರಿಯನ್ನು ಪೂರ್ತಿ ಹಿಂಡಬಾರದು, ಅಂಗೈಯಲ್ಲಿ ಒಂದು ಸಲ ಒತ್ತಿದರೆ ಸಾಕು. ಆ ತೇವವೇ ಕೇಕಿನ ಜೀವ. ಎರಡು ಲೋಟ ತುರಿಗೆ ಮೂರು ಮೊಟ್ಟೆ, ಒಂದು ಲೋಟ ಎಣ್ಣೆ, ಒಂದೂವರೆ ಲೋಟ ಸಕ್ಕರೆ, ಮೂರು ಲೋಟ ಮೈದಾ, ಸೋಡಾ, ದಾಲ್ಚಿನ್ನಿ ಪುಡಿ, ಒಂದು ಹಿಡಿ ಅಕ್ರೋಟು. ಹಿಟ್ಟು ಹಾಕಿದ ಮೇಲೆ ಹೆಚ್ಚು ತಿರುವಬೇಡಿ. ಬಿಳಿ ಕಾಣದಾದ ಕೂಡಲೇ ಕೈ ತೆಗೆಯಿರಿ. ಸಾಕು ಅನ್ನುವಲ್ಲಿ ನಿಲ್ಲಿಸುವುದು ನಿಮಗೆ ಕಷ್ಟ, ಗೊತ್ತು.

ಈ ತಿಂಗಳ ಕೊನೆಗೆ ಒಂದು ದಿನ ಬರುತ್ತೇನೆ. ಇದ್ದುಬಿಡುತ್ತೇನೆ ಅಂತ ಹೇಳುತ್ತಿಲ್ಲ, ಬಂದು ನೋಡುತ್ತೇನೆ. ಇರಬೇಕು ಅನ್ನಿಸಿದರೆ ಇರಲೂಬಹುದು. ಯಾವ ದಿನ ಅಂತ ಹೇಳುವುದಿಲ್ಲ, ಹೇಳಿದರೆ ಸಿದ್ಧತೆ ಮಾಡುತ್ತೀರಿ. ಬಾಗಿಲು ತೆಗೆದು, ಬಂದ್ಯಾ, ಬಾ ಅನ್ನಿ. ಅಷ್ಟು ಸಾಕು.

ಇಂತಿ,
ನಾನು


ಆಗಸ್ಟ್ 15

ಬರಲಿರುವ ಮಹಾರಾಣಿಗೆ!

ಬರುತ್ತಾಳೆ! ಬರುತ್ತಾಳೆ ಅಂತ ಹಿತ್ತಲಲ್ಲಿ ಕೂಗಿದೆ, ಗಿಡಗಳು ಬೆಚ್ಚಿಬಿದ್ದು ಮರುದಿನ ಎರಡರಷ್ಟು ಬಿಟ್ಟವು. ಸಿದ್ಧತೆ ಮಾಡುತ್ತಿಲ್ಲ, ಆಣೆ. ಪರದೆ ಒಗೆದದ್ದು, ಕಿಟಕಿಗೆ ಬಣ್ಣ ಹೊಡೆದದ್ದು, ನಿನ್ನ ಮೆಷಿನ್ನನ್ನು ಬೆಳಕು ಬೀಳುವ ಕಡೆ ಸರಿಸಿದ್ದು, ಇವೆಲ್ಲ ಸಿದ್ಧತೆಯ ಲೆಕ್ಕಕ್ಕೆ ಬರುವುದಿಲ್ಲ. ಬಂದ್ಯಾ, ಬಾ. ಬಂದ್ಯಾ, ಬಾ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಮೊದಲನೆಯ ಪದವನ್ನು ಎತ್ತಬೇಕೋ, ಎರಡನೆಯದನ್ನೋ ಅಂತ ಇನ್ನೂ ತೀರ್ಮಾನವಾಗಿಲ್ಲ.

ಕೇಕು! ಏನಂತ ಹೇಳಲಿ ಆ ಕೇಕಿನ ಪ್ರತಾಪ! ಸಾಕು ಅನ್ನುವಲ್ಲಿ ನಿಲ್ಲಿಸಿದೆ, ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಿದೆ. ತುಂಡು ಬಾಯಿಗಿಟ್ಟ ಮೇಷ್ಟ್ರು ಕಣ್ಣು ಮುಚ್ಚಿ ಬಹಳ ಹೊತ್ತು ತೆಗೆಯಲಿಲ್ಲ. ನರ್ಸಮ್ಮ ನಾಡಿ ಹಿಡಿದು ನೋಡಬೇಕಾಯಿತು. ಇದು ತರಕಾರಿಯಿಂದ ಮಾಡಿದ್ದು ಅಂದರೆ ಕಟಿಂಗ್ ಶಾಪಿನವನು ನಂಬಲೇ ಇಲ್ಲ. "ಸುಳ್ಳು ಹೇಳ್ಬೇಡಿ ರಾಜರೇ, ಯಾವ ಅಂಗಡೀದು ಹೇಳಿ" ಅಂತ ಜಗಳಕ್ಕೇ ಬಂದ. ವಿಧಾನ ಹೇಳಿ ವಿಧಾನ ಹೇಳಿ ಅಂತ ಎಲ್ಲರೂ ಗಂಟುಬಿದ್ದರು. ನಿನ್ನ ಪತ್ರ ತಂದು ಓದಿದೆ. ನೀನು ಬರೆದ ಹಾಗೇ. ನನ್ನದು ಅಂತ ಒಂದಕ್ಷರ ಸೇರಿಸಲಿಲ್ಲ. ನಿನ್ನ ಕತೆ ನಾನು ಹೇಳುವುದಿಲ್ಲ ಅಂದ ಮೇಲೆ ಹೇಳುವುದಿಲ್ಲ.

ನರ್ಸಮ್ಮ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. "ಎಂಥಾ ಹೆಂಗಸು ರಾಜರೇ" ಅಂದರು. ನನ್ನ ಎದೆ ಎಷ್ಟು ಉಬ್ಬಿತು ಅಂತೀಯ!

ಬೇಗ ಬಾ. ದಿನಕ್ಕೊಂದು ಕೇಕು ಓವನ್ನಿನಲ್ಲಿರುತ್ತದೆ. ನೀನು ಯಾವ ದಿನ ಬಂದರೂ ಬಿಸಿಯಾಗಿರಬೇಕು ಅಂತ.

ಇಂತಿ ನಿನ್ನ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡ ಮಹಾರಾಜ


ಸೆಪ್ಟೆಂಬರ್ 4

ಇವಳೇ,

ತಿಂಗಳು ಮುಗಿದು ಹೋಯಿತು. ಬಸ್ಸು ತಪ್ಪಿತೇ? ಕೈ ನೋವೇ? ಅಕ್ಕನಿಗೆ ಹುಷಾರಿಲ್ಲವೇ? ಫೋನ್ ಮಾಡಲೇ? ಮಾಡುವುದಿಲ್ಲ. ಒಂದು ಗೆರೆ ಬರೆ.

ಹಿಂದಿನ ವಾರ ಬಾಗಿಲು ಬಡಿದ ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಓಡಿ ತೆಗೆದು, ಬಂದ್ಯಾ, ಬಾ ಅಂದೆ. ಮೀಟರು ಓದುವವನು. ಅವನು ಬಂದ. ಒಂದು ತುಂಡು ಕೇಕು ತಿಂದು ಹೋದ.

ಇಂತಿ,
ನಿನ್ನ ಗಂಡ


ಸೆಪ್ಟೆಂಬರ್ 12

ಇವರಿಗೆ,

ನಾನು ಬಂದಿದ್ದೆ.

ತಿಂಗಳ ಕೊನೆಯ ಶನಿವಾರ. ನಿಮ್ಮ ಪತ್ರದಲ್ಲಿ ನರ್ಸಮ್ಮ ಕಣ್ಣೊರೆಸಿಕೊಂಡದ್ದು ಓದಿ, ಪಕ್ಕದಲ್ಲಿ ಯಾರೋ ಈರುಳ್ಳಿ ಹೆಚ್ಚುತ್ತಿರಬೇಕು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಕೇಕಿಗೆ ಈರುಳ್ಳಿ ಹಾಕುವುದಿಲ್ಲ ಅನ್ನುವುದು ಬಸ್ಸು ಹತ್ತಿ ಕೂತ ಮೇಲೆ ನೆನಪಾಯಿತು. ಆದರೂ ಇಳಿಯಲಿಲ್ಲ. ಬಟ್ಟೆಯ ದೊಡ್ಡ ಬ್ಯಾಗೇ ತಂದಿದ್ದೆ.

ಸಂಜೆ ನಮ್ಮ ಬೀದಿಗೆ ಬಂದಾಗ ಕೇಕಿನ ವಾಸನೆ ತಿರುವಿನವರೆಗೂ ಬಂದಿತ್ತು. ಸರಿಯಾಗಿ ಬಂದಿತ್ತು. ಮುಂಬಾಗಿಲಿನಿಂದ ಬಂದರೆ ಬೀದಿಯವರು ಮಾತಿಗೆ ನಿಲ್ಲಿಸುತ್ತಾರೆ ಅಂತ ಹಿತ್ತಲ ಗೇಟಿನಿಂದ ಬಂದೆ. ನೀವು ಬರೆದದ್ದು ಸುಳ್ಳಲ್ಲ, ಆ ಎಲೆಗಳ ಹಿಂದೆ ಬಗ್ಗಿ ನಿಂತರೆ ಮನುಷ್ಯರು ಕಾಣುವುದಿಲ್ಲ. ಮೆಟ್ಟಿಲು ತುಂಬ ಜನ. ನನಗೆ ಗುರುತಿಲ್ಲದವರೂ ಇದ್ದರು. ಕಟಿಂಗ್ ಶಾಪಿನವನ ಧ್ವನಿ ಕೇಳಿಸಿತು.

"ರಾಜರೇ, ಆ ಕನ್ನಡೀದು ಇನ್ನೊಂದ್ಸಲ ಓದಿ."

"ಈಗ್ತಾನೆ ಕೇಳಿದ್ಯಲ್ಲಯ್ಯಾ!"

"ನಾನ್ ಕೇಳ್ದೆ. ನಮ್ಮತ್ತೆ ಈಗ ಬಂದ್ರು. ಅವ್ರಿಗೋಸ್ಕರ."

"ಓದಿ, ಓದಿ" ಅಂದರು ಮೇಷ್ಟ್ರು. "ಕೇಕ್ ಆರೋದ್ರೊಳಗೆ ಓದ್ಬಿಡಿ."

ನೀವು ಎದ್ದು ನಿಂತಿರಿ. ಗಂಟಲು ಸರಿಮಾಡಿಕೊಂಡಿರಿ. ಎಡಗೈಯನ್ನು ಮೈಗೆ ಅಂಟಿಸಿಕೊಂಡಿರಿ. ಆಮೇಲೆ ನನ್ನ ಧ್ವನಿ ಬಂತು. ನೀವು ನಿಜ ಹೇಳಿದ್ದಿರಿ, ಒಂದಕ್ಷರವೂ ಸೇರಿಸಲಿಲ್ಲ. ಅವಸರ ಮಾಡಿದ್ದಾರೆ ಅನ್ನುವಲ್ಲಿ ನಗು ಬರುತ್ತದೆ ಅಂತ ನಿಮಗೆ ಗೊತ್ತಿತ್ತು. ಬಂತು. ಅದು ಇಳಿಯುವವರೆಗೆ ಕಾದಿರಿ. ಆಮೇಲೆ, ನಾನು ಅತ್ತೆ ಅನ್ನುವ ಮೊದಲು ಬಹಳ ಹೊತ್ತು ಸುಮ್ಮನಿದ್ದಿರಿ. ನಾನು ಬರೆಯುವಾಗ ಅಲ್ಲಿ ಒಂದು ಚುಕ್ಕಿ ಇಟ್ಟಿದ್ದೆ, ಅಷ್ಟೇ. ನೀವು ಅದನ್ನು ಅಷ್ಟು ಉದ್ದ ಮಾಡಿದಿರಿ. ಮೆಟ್ಟಿಲ ಮೇಲೆ ಯಾರೂ ಅಲುಗಾಡಲಿಲ್ಲ. ಎಲೆಗಳ ಹಿಂದೆ ನಾನೂ ಉಸಿರು ಹಿಡಿದಿದ್ದೆ, ಮುಂದೇನು ಅಂತ. ನನ್ನದೇ ಬಚ್ಚಲು, ನನ್ನದೇ ಮೈ, ನನಗೇ ಮುಂದೇನು ಅನ್ನುವ ಕುತೂಹಲ. ಅದಕ್ಕೆ ಹೆದರಿಕೆಯಾಯಿತು. 'ಆಮೇಲೆ ಅತ್ತೆ' ಅಂದಿರಿ. ಕಟಿಂಗ್ ಶಾಪಿನವನ ಅತ್ತೆ ಬಿಕ್ಕಿದರು. ನನಗೆ ಕಣ್ಣೀರು ಬರಲಿಲ್ಲ. ಬಚ್ಚಲಲ್ಲಿ ಬಂದದ್ದು ಎಲ್ಲಿಂದ ಬಂದಿತ್ತು ಅಂತಲೂ ಈಗ ನೆನಪಾಗುತ್ತಿಲ್ಲ. ನಿಮ್ಮ ಧ್ವನಿಯಲ್ಲೇ ನೆನಪಾಗುತ್ತದೆ.

ಗೇಟು ಸದ್ದಾಗದ ಹಾಗೆ ಎಳೆದುಕೊಂಡು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದೆ.

ಕೋಪ ಇಲ್ಲ. ನೀವು ಕೆಟ್ಟವರಲ್ಲ ರೀ. ಕೆಟ್ಟವರಾಗಿದ್ದರೆ ಜಗಳ ಆಡಿಕೊಂಡು ಇದ್ದುಬಿಡಬಹುದಿತ್ತು. ನಿಮ್ಮ ಕೈಗೆ ಏನು ಕೊಟ್ಟರೂ ನೀವು ಅದನ್ನು ನನಗಿಂತ ಚೆನ್ನಾಗಿ ಮಾಡುತ್ತೀರಿ. ಹಾಗಾದರೆ ನಾನು ಯಾಕೆ?

ಇನ್ನು ಬರುವುದಿಲ್ಲ. ಹೊಲಿಗೆ ಮೆಷಿನ್ನನ್ನು ಲಾರಿಯಲ್ಲಿ ಕಳಿಸಿಕೊಡಿ. ಸೂಜಿ ತೆಗೆದು, ಚಕ್ರಕ್ಕೆ ಬಟ್ಟೆ ಸುತ್ತಿ. ಎಲೆಗಳ ಮೇಲೆ ಬಿಳಿ ಬೂಷ್ಟು ಕಂಡಿತು. ಅಂಥ ಗಿಡ ಇನ್ನು ಚೇತರಿಸಿಕೊಳ್ಳುವುದಿಲ್ಲ. ಕಿತ್ತು ಸುಟ್ಟುಬಿಡಿ.

ಇಂತಿ,
ನಾನು


ಅಕ್ಟೋಬರ್ 3

ನಿನಗೆ,

ಮೆಷಿನ್ನು ಇವತ್ತು ಹೋಯಿತು. ಸೂಜಿ ತೆಗೆದು ಬೇರೆ ಡಬ್ಬಿಯಲ್ಲಿ ಹಾಕಿದ್ದೇನೆ. ಚಕ್ರಕ್ಕೆ ಹಿಂಡುವ ಬಟ್ಟೆಯನ್ನೇ ಸುತ್ತಿದೆ, ಬೇರೆ ಸಿಗಲಿಲ್ಲ.

ದರ್ಬಾರು ನಿಲ್ಲಿಸಿದೆ. ಬಂದವರಿಗೆ ಓವನ್ ಕೆಟ್ಟಿದೆ ಅಂದೆ. ಮೇಷ್ಟ್ರು ಒಳಗೆ ಬಂದು ಓವನ್ನಿನ ಮೇಲೆ ಕೈಯಿಟ್ಟು ನೋಡಿದರು. ಬಿಸಿಯಿತ್ತು. ತಂದಿದ್ದ ತಟ್ಟೆ ಎತ್ತಿಕೊಂಡು ಹೋದರು. ನರ್ಸಮ್ಮ ಎರಡು ದಿನ ಮೆಟ್ಟಿಲ ಮೇಲೆ ಬಂದು ಕೂತಿದ್ದು ಎದ್ದು ಹೋದರು. ಈಗ ಯಾರೂ ಬರುವುದಿಲ್ಲ.

ಗಿಡ ಕಿತ್ತು ಸುಟ್ಟೆ. ಹಸಿ ಕಾಂಡ ಉರಿಯಲಿಲ್ಲ, ಬರೀ ಹೊಗೆ. ಉಳಿದ ಕಾಯಿಗಳಿಗೆ ಸೂಪು ಮಾಡುತ್ತೇನೆ. ದಿನಾ ಹೆಚ್ಚಾಗುತ್ತದೆ, ದಿನಾ ಚೆಲ್ಲುತ್ತೇನೆ. ಒಬ್ಬನಿಗೆ ಎಷ್ಟು ಮಾಡಬೇಕು ಅಂತ ತಿಳಿಯುತ್ತಿಲ್ಲ. ಇದನ್ನು ನಿನ್ನನ್ನು ಕೇಳುತ್ತಿಲ್ಲ.

ಇದಕ್ಕೂ ಮೊದಲು ಬರೆದ ಪತ್ರಗಳನ್ನು ಹರಿದು ಹಾಕಿದೆ. ಮೊದಲನೆಯದರಲ್ಲಿ ಕ್ಷಮೆ ಕೇಳಿದ್ದೆ. ಓದಿ ನೋಡಿದರೆ ಬಹಳ ಚೆನ್ನಾಗಿತ್ತು. ಅದಕ್ಕೇ ಹರಿದೆ. ಎರಡನೆಯದು ಇನ್ನೂ ಚೆನ್ನಾಗಿತ್ತು.

ಇನ್ನೊಂದು ವಿಷಯ ತಿಳಿಸಬೇಕು. ನಿನ್ನ ಪತ್ರ ಬಂದ ದಿನ ಮುಂಬಾಗಿಲಿಗೂ ಹಿತ್ತಲ ಬಾಗಿಲಿಗೂ ಚಿಲಕ ಹಾಕಿ, ಅಡುಗೆಮನೆಯಲ್ಲಿ ಕೂತು ಓದಿದೆ. ತುಟಿ ಬಿಚ್ಚದೆ, ಮನಸ್ಸಿನಲ್ಲೇ. ನೀನು ಎಲೆಗಳ ಹಿಂದೆ ನಿಂತ ಕಡೆ ಬಂದಾಗ ಏನೋ ಸದ್ದು ಕೇಳಿಸಿತು. ಯಾರೋ ಮಾತಾಡುತ್ತಿದ್ದಾರೆ ಅಂತ ತಲೆಯೆತ್ತಿ ನೋಡಿದೆ. ನಿನ್ನ ಧ್ವನಿ, ನನ್ನ ಬಾಯಿಂದ. ನಾನು ಎದ್ದು ನಿಂತಿದ್ದೆ. ಎಡಗೈ ಮೈಗೆ ಅಂಟಿಕೊಂಡಿತ್ತು. ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾನೂ ಉಸಿರು ಹಿಡಿದಿದ್ದೆ ಅನ್ನುವಲ್ಲಿ ನಿಲ್ಲಿಸಿದೆ. ಎಷ್ಟು ಹೊತ್ತು ನಿಲ್ಲಿಸಿದರೆ ಚೆನ್ನಾಗಿರುತ್ತದೋ ಅಷ್ಟು ಹೊತ್ತು ನಿಲ್ಲಿಸಿದೆ.

ಇನ್ನು ನನಗೆ ಏನೂ ಬರೆಯಬೇಡ.

ಇಂತಿ,
ನಿನ್ನ ಗಂಡ